ಭಯ ಬಂದಾಗ ಬಿದನೂರಿನ ರಾಣಿ ಏನು ಮಾಡಿದಳು?

ಚೆನ್ನಮ್ಮ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕಿತ್ತೂರು. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ರೈಲು, 1824ರ ಯುದ್ಧ, ಎಲ್ಲವೂ ಕಿತ್ತೂರಿನ ರಾಣಿಗೆ ಸೇರಿದ್ದು. ಆದರೆ ಅವಳಿಗಿಂತ ಸುಮಾರು 150 ವರ್ಷ ಮೊದಲೇ ಮಲೆನಾಡಿನಲ್ಲಿ ಇನ್ನೊಬ್ಬ ಚೆನ್ನಮ್ಮ ಇದ್ದಳು. ಕೆಳದಿ ಚೆನ್ನಮ್ಮ. 1671ರಿಂದ ಸುಮಾರು 25 ವರ್ಷ ರಾಜ್ಯ ಆಳಿದವಳು. ಬಿಜಾಪುರದ ಸೈನ್ಯ, ಮೈಸೂರಿನ ಸೈನ್ಯ, ಕೊನೆಗೆ ಔರಂಗಜೇಬನ ಸೈನ್ಯ, ಮೂರನ್ನೂ ಎದುರಿಸಿದವಳು. ಧೈರ್ಯ ತೋರಿಸಿದ ಹೆಣ್ಣುಮಕ್ಕಳಿಗೆ ನಮ್ಮ ರಾಜ್ಯ ಸರ್ಕಾರ ಕೊಡುವ ಶೌರ್ಯ ಪ್ರಶಸ್ತಿಗೆ ಇರುವುದೂ ಇವಳ ಹೆಸರೇ.

ಶೌರ್ಯದ ಕಥೆ ಅಂದರೆ ನಮಗೆ ಕತ್ತಿ, ಕುದುರೆ, ಯುದ್ಧ. ಆದರೆ ಇವಳ ಜೀವನವನ್ನು ಓದ್ತಾ ಹೋದರೆ ಕತ್ತಿಗಿಂತ ಹೆಚ್ಚಾಗಿ ಕಣ್ಣಿಗೆ ಬೀಳುವುದು ಬೇರೆಯೇ ಒಂದು ವಿಷಯ. ಭಯ, ದುಃಖ, ಅವಮಾನ, ಸಿಟ್ಟು ಎಲ್ಲವೂ ಒಟ್ಟಿಗೆ ಮೈಮೇಲೆ ಬಂದ ದಿನಗಳಲ್ಲಿ ಈಕೆ ತೆಗೆದುಕೊಂಡ ನಿರ್ಧಾರಗಳು. ಇವತ್ತಿನ ಮೆದುಳಿನ ವಿಜ್ಞಾನ ಇದರ ಬಗ್ಗೆ ಬಹಳ ಹೇಳುತ್ತೆ. 350 ವರ್ಷ ಹಿಂದಿನ ರಾಣಿಯನ್ನು ಸ್ಕ್ಯಾನರ್ ಒಳಗೆ ಮಲಗಿಸೋಕೆ ಆಗಲ್ಲ. ಆದರೆ ಅವಳು ಏನು ಮಾಡಿದಳು ಅನ್ನೋದು ನಮ್ಮ ಮುಂದಿದೆ. ಅದನ್ನೇ ಇಟ್ಟುಕೊಂಡು ನೋಡೋಣ.

ಮೂರು ತಾಲ್ಲೂಕು, ಒಂದು ರಾಜ್ಯ

ಸಾಗರ, ಹೊಸನಗರ, ತೀರ್ಥಹಳ್ಳಿ. ಇವತ್ತು ಇವು ಶಿವಮೊಗ್ಗ ಜಿಲ್ಲೆಯ ಮೂರು ತಾಲ್ಲೂಕುಗಳು. ಆಗ ಇವು ಒಂದು ರಾಜ್ಯದ ಹೃದಯ. ಕೆಳದಿ ಮತ್ತು ಇಕ್ಕೇರಿ ಇರುವುದು ಸಾಗರ ತಾಲ್ಲೂಕಿನಲ್ಲಿ. ಬಿದನೂರು, ಅಂದರೆ ಇವತ್ತಿನ ನಗರ, ಹೊಸನಗರ ತಾಲ್ಲೂಕಿನಲ್ಲಿ. ಭುವನಗಿರಿ, ಅಂದರೆ ಕವಲೇದುರ್ಗ, ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಅರಳಸುರಳಿ, ಕೋಣಂದೂರು ಕಡೆಯವರಿಗೆ ಇವೆಲ್ಲ ಬೆಳಿಗ್ಗೆ ಬೈಕ್ ಹತ್ತಿದರೆ ಸಂಜೆಯೊಳಗೆ ನೋಡಿ ಬರುವ ಜಾಗಗಳು.

ಕೆಳದಿ ನಾಯಕರು ಮೊದಲು ವಿಜಯನಗರದ ಸಾಮಂತರಾಗಿದ್ದರು. ಆಮೇಲೆ ಸ್ವತಂತ್ರರಾದರು. ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ಬಂತು. ಇವರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಶಿವಪ್ಪ ನಾಯಕ. 1645ರಿಂದ 1660ರವರೆಗೆ ಆಳಿದ. ಶಿಸ್ತು ಅನ್ನುವ ಭೂಕಂದಾಯದ ಪದ್ಧತಿ ಅವನದ್ದು. ಕರಾವಳಿಯ ಬಂದರುಗಳು ಕೈಯಲ್ಲಿ ಇದ್ದವು, ಮೆಣಸು ಅಕ್ಕಿ ಹಡಗು ಹತ್ತಿ ಹೋಗ್ತಿತ್ತು, ಬೊಕ್ಕಸ ತುಂಬಿತ್ತು. ತುಂಬಿದ ಬೊಕ್ಕಸ ಅಂದರೆ ಸುತ್ತ ಇದ್ದವರ ಕಣ್ಣೂ ಅದರ ಮೇಲೆ ಇರುತ್ತೆ ಅಂತ ಅರ್ಥ.

ಶಿವಪ್ಪ ನಾಯಕನ ಮಗ ಸೋಮಶೇಖರ ನಾಯಕ 1664ರಲ್ಲಿ ಪಟ್ಟಕ್ಕೆ ಬಂದ. ಚೆನ್ನಮ್ಮ ರಾಜಮನೆತನದವಳಲ್ಲ. ವ್ಯಾಪಾರಿ ಸಿದ್ದಪ್ಪ ಶೆಟ್ಟಿಯ ಮಗಳು. ಕೆಳದಿಯ ರಾಮೇಶ್ವರ ದೇವರ ಜಾತ್ರೆಯಲ್ಲಿ ಸೋಮಶೇಖರ ಅವಳನ್ನು ನೋಡಿ ಮೆಚ್ಚಿದ ಅಂತ ಕಥೆ ಇದೆ. ವ್ಯಾಪಾರಿಯ ಮಗಳು ರಾಣಿಯಾಗೋದು ಅರಮನೆಯಲ್ಲಿ ಎಲ್ಲರಿಗೂ ಇಷ್ಟವಾಗಲಿಲ್ಲ, ಆದರೆ ರಾಜ ಬಿಡಲಿಲ್ಲ. 1667ರಲ್ಲಿ ಮದುವೆ ಆಯ್ತು. ಬಂದ ಹುಡುಗಿ ಅಂತಃಪುರದಲ್ಲಿ ಸುಮ್ಮನೆ ಕೂರಲಿಲ್ಲ. ರಾಜ್ಯದ ವ್ಯವಹಾರ, ಆಯುಧ ಹಿಡಿಯುವುದು, ಓದು ಎಲ್ಲವನ್ನೂ ಕಲಿತಳು.

ರಾಜ ಕೈತಪ್ಪಿ ಹೋದದ್ದು

ಕೆಲವೇ ದಿನಗಳಲ್ಲಿ ಪರಿಸ್ಥಿತಿ ಬದಲಾಯ್ತು. ಕಲಾವತಿ ಅನ್ನುವ ನರ್ತಕಿಯ ಮೇಲೆ ಸೋಮಶೇಖರನಿಗೆ ಮೋಹ ಹುಟ್ಟಿತು. ಅವಳ ಸಾಕುತಂದೆ ಭರಮೆ ಮಾವುತ. ಇವನು ಗಿಡಮೂಲಿಕೆ ತಿಳಿದವನು. ರಾಜನಿಗೆ ಏನೇನೋ ಮದ್ದು ಕುಡಿಸಿ ತನ್ನ ಕೈವಶ ಮಾಡಿಕೊಂಡ ಅಂತ ಹೇಳುತ್ತಾರೆ. ರಾಜ ಅರಮನೆ ಬಿಟ್ಟು ಅವರ ಮನೆಯಲ್ಲೇ ಉಳಿದ. ಆರೋಗ್ಯ ಹೋಯ್ತು, ಬುದ್ಧಿ ಹೋಯ್ತು.

ಈ ಭಾಗವನ್ನು ಎಲ್ಲರೂ ಒಬ್ಬ ನರ್ತಕಿ ರಾಜನನ್ನು ಹಾಳು ಮಾಡಿದಳು ಅಂತ ಹೇಳಿ ಮುಗಿಸಿಬಿಡ್ತಾರೆ. ನನಗೆ ಅದು ಅರ್ಧ ಮಾತ್ರ ಸರಿ ಅನ್ಸುತ್ತೆ. ಕಥೆಯಲ್ಲೇ ಮದ್ದು ಇದೆ ಅಲ್ವಾ. ನಶೆಯ ವಸ್ತು ಮೆದುಳಿನಲ್ಲಿ ಏನು ಮಾಡುತ್ತೆ ಅನ್ನೋದು ಈಗ ಚೆನ್ನಾಗಿ ಗೊತ್ತು. ನಮಗೆ ಖುಷಿ ಕೊಡುವ ಕೆಲಸಗಳನ್ನು ಮತ್ತೆ ಮಾಡುವಂತೆ ಪ್ರೇರೇಪಿಸಲು ಮೆದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕದ ಒಂದು ವ್ಯವಸ್ಥೆ ಇದೆ. ಊಟ, ಗೆಳೆತನ, ಪರೀಕ್ಷೆಯಲ್ಲಿ ಒಳ್ಳೆ ಮಾರ್ಕ್ಸ್, ಎಲ್ಲಕ್ಕೂ ಅದು ಸ್ವಲ್ಪ ಸ್ವಲ್ಪ ಕೆಲಸ ಮಾಡುತ್ತೆ. ನಶೆ ಅದನ್ನು ನೇರವಾಗಿ, ಸಹಜಕ್ಕಿಂತ ಎಷ್ಟೋ ಹೆಚ್ಚಾಗಿ ಒತ್ತುತ್ತೆ. ಮತ್ತೆ ಮತ್ತೆ ಒತ್ತಿದರೆ ಉಳಿದ ಸುಖಗಳೆಲ್ಲ ಸಪ್ಪೆ ಆಗ್ತವೆ. ಅದರ ಜೊತೆಗೆ, ಬೇಡ ಅಂತ ಹೇಳಬೇಕಾದ ಭಾಗವೇ ದುರ್ಬಲವಾಗುತ್ತೆ. ಆ ಭಾಗದ ಹೆಸರು ಪ್ರಿಫ್ರಂಟಲ್ ಕಾರ್ಟೆಕ್ಸ್, ಹಣೆಯ ಹಿಂದೆಯೇ ಇರುವುದು. ಬ್ರೇಕ್ ಸವೆದ ಗಾಡಿಗೆ ಆಕ್ಸಿಲರೇಟರ್ ಜೋರಾಗಿ ಒತ್ತಿದ ಹಾಗೆ. ಅಂಥ ಮನುಷ್ಯನನ್ನು ನೋಡಿ ಮನಸ್ಸು ಗಟ್ಟಿ ಮಾಡ್ಕೋ ಅಂತ ಹೇಳೋದು ಸುಲಭ, ಆದರೆ ಮನಸ್ಸು ಗಟ್ಟಿ ಮಾಡುವ ಜಾಗಕ್ಕೇ ಪೆಟ್ಟು ಬಿದ್ದಿರುತ್ತೆ. ಹಾಸ್ಟೆಲ್‌ನಲ್ಲಿ ಇರುವ ನಮಗೆ ಇದು ಹಳೇ ಕಥೆ ಏನಲ್ಲ.

ಚೆನ್ನಮ್ಮನಿಗೆ ಇದು ಎರಡು ಪೆಟ್ಟು. ಗಂಡ ಹೋದ, ರಾಜನೂ ಹೋದ. ಮಕ್ಕಳಿರಲಿಲ್ಲ. ಅರಮನೆಯ ಒಳಗೆ ಒಂದೊಂದು ಗುಂಪು ತಮ್ಮ ಕಡೆಯ ಹುಡುಗನನ್ನು ಪಟ್ಟಕ್ಕೆ ತರಲು ಲೆಕ್ಕ ಹಾಕ್ತಿತ್ತು. ಹೊರಗೆ ಬಿಜಾಪುರದ ಸುಲ್ತಾನ ಕಾಯ್ತಾ ಇದ್ದ. ಅವಳು ಮೊದಲು ಮಾಡಿದ್ದು ಎಲ್ಲರೂ ಅವಮಾನ ಅಂತ ಅಂದುಕೊಳ್ಳುವ ಕೆಲಸ. ಗಂಡ ಉಳಿದಿದ್ದ ಮನೆಗೆ ತಾನೇ ಹೋಗಿ, ವಾಪಸ್ ಬನ್ನಿ, ರಾಜ್ಯ ನೋಡಿಕೊಳ್ಳಿ ಎಂದು ಕೇಳಿಕೊಂಡಳಂತೆ. ಅವನು ಬರಲಿಲ್ಲ. ಆಗ ಆಡಳಿತವನ್ನು ತಾನೇ ಕೈಗೆ ತೆಗೆದುಕೊಂಡಳು.

ಮೆದುಳಿನ ಶಾರ್ಟ್‌ಕಟ್

ಇಲ್ಲಿ ಸ್ವಲ್ಪ ನಿಂತು ಮೆದುಳಿನ ಒಳಗೆ ನೋಡೋಣ. ಕಿವಿಯ ನೇರಕ್ಕೆ, ತಲೆಯ ಒಳಗೆ, ಎರಡೂ ಬದಿಯಲ್ಲಿ ಬಾದಾಮಿ ಆಕಾರದ ಒಂದೊಂದು ಚಿಕ್ಕ ಭಾಗ ಇದೆ. ಹೆಸರು ಅಮಿಗ್ಡಲಾ. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಬಾದಾಮಿ ಅಂತಲೇ ಅರ್ಥ. ಅಪಾಯವನ್ನು ಬೇಗ ಗುರುತಿಸುವ ಕೆಲಸದಲ್ಲಿ ಇದರ ಪಾತ್ರ ದೊಡ್ಡದು. ಜೋಸೆಫ್ ಲೆಡೂ ಅನ್ನುವ ಅಮೆರಿಕದ ವಿಜ್ಞಾನಿ ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಏನೆಂದರೆ, ಕಿವಿಗೆ ಬಿದ್ದ ಶಬ್ದ ಅಮಿಗ್ಡಲಾಗೆ ಎರಡು ದಾರಿಯಲ್ಲಿ ಹೋಗುತ್ತೆ. ಒಂದು ಉದ್ದದ ದಾರಿ, ಕಾರ್ಟೆಕ್ಸ್ ಮೂಲಕ. ಅಲ್ಲಿ ಅದು ಏನು ಶಬ್ದ ಅಂತ ವಿವರವಾಗಿ ತಿಳಿಯುತ್ತೆ. ಇನ್ನೊಂದು ಶಾರ್ಟ್‌ಕಟ್. ವಿವರ ಕಡಿಮೆ, ವೇಗ ಜಾಸ್ತಿ. ಕಾಡಿನ ದಾರಿಯಲ್ಲಿ ಹಗ್ಗ ನೋಡಿ ಹಾವು ಅಂತ ಹಾರುತ್ತೇವಲ್ಲ, ಹಾರಿದ ಮೇಲೆ ಹಗ್ಗ ಅಂತ ಗೊತ್ತಾಗುತ್ತಲ್ಲ, ಅದು ಹೀಗೇ.

ಮೈಕ್ರೋಕಂಟ್ರೋಲರ್ ಓದಿದವರಿಗೆ ಇದು ಇಂಟರಪ್ಟ್ ಅಂದರೆ ಸಾಕು. ಮೇನ್ ಪ್ರೋಗ್ರಾಮ್ ಏನೇ ಮಾಡ್ತಿರಲಿ, ಇಂಟರಪ್ಟ್ ಬಂದರೆ ಅದನ್ನು ನಿಲ್ಲಿಸಿ ಮೊದಲು ಇದನ್ನು ನೋಡಬೇಕು. ಹಾವು ನಿಜವಾಗಿ ಇದ್ದರೆ ಇದೇ ನಮ್ಮನ್ನು ಉಳಿಸುತ್ತೆ. ಕಷ್ಟ ಶುರುವಾಗುವುದು ಇಂಟರಪ್ಟ್ ನಿಲ್ಲದೇ ಬರ್ತಾ ಇದ್ದಾಗ. ಒತ್ತಡದಲ್ಲಿ ಮೆದುಳಿನಲ್ಲಿ ನಾರ್‌ಅಡ್ರಿನಲಿನ್, ಡೋಪಮೈನ್ ಪ್ರಮಾಣ ಏರುತ್ತೆ. ಹದವಾಗಿ ಏರಿದರೆ ಎಚ್ಚರ, ಚುರುಕು. ಹದ ಮೀರಿದರೆ ಪ್ರಿಫ್ರಂಟಲ್ ಕಾರ್ಟೆಕ್ಸ್‌ನ ನರಕೋಶಗಳ ನಡುವಿನ ಸಂಪರ್ಕ ತಾತ್ಕಾಲಿಕವಾಗಿ ದುರ್ಬಲವಾಗುತ್ತೆ. ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟನ್ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ರಾತ್ರಿ ಬಿಡಿಸಿದ್ದ ಪ್ರಾಬ್ಲಮ್ ಬೆಳಿಗ್ಗೆ ವೈವಾದಲ್ಲಿ ಎಕ್ಸ್‌ಟರ್ನಲ್ ಮುಂದೆ ಮರೆತು ಹೋಗೋದು ಇದೇ ಕಾರಣಕ್ಕೆ. ನಾವು ದಡ್ಡರು ಅಂತ ಅಲ್ಲ.

ಇನ್ನೊಂದು ವಿಷಯ ನನಗೆ ಇನ್ನೂ ಆಶ್ಚರ್ಯ ಅನ್ಸಿದ್ದು. ಭಾವನೆ ನಿರ್ಧಾರವನ್ನು ಮಾತ್ರ ಅಲ್ಲ, ನೋಟವನ್ನೇ ಬದಲಾಯಿಸುತ್ತೆ. 2008ರ ಒಂದು ಪ್ರಯೋಗದಲ್ಲಿ ಜನರನ್ನು ಒಂದು ಇಳಿಜಾರಿನ ತುದಿಯಲ್ಲಿ ನಿಲ್ಲಿಸಿ ಅದು ಎಷ್ಟು ಕಡಿದಾಗಿದೆ ಅಂತ ಕೇಳಿದರು. ಕೆಲವರು ನಿಂತಿದ್ದು ಅಲ್ಲಾಡದ ಪೆಟ್ಟಿಗೆಯ ಮೇಲೆ, ಕೆಲವರು ಸ್ಕೇಟ್‌ಬೋರ್ಡ್ ಮೇಲೆ. ಸ್ಕೇಟ್‌ಬೋರ್ಡ್ ಮೇಲೆ ನಿಂತು ಹೆದರಿದವರಿಗೆ ಅದೇ ಇಳಿಜಾರು ಹೆಚ್ಚು ಕಡಿದಾಗಿ ಕಂಡಿತು. ಗುಡ್ಡ ಅದೇ, ಕಣ್ಣೂ ಅದೇ. ಹಾಗೇ, ಭಯ ಜಾಸ್ತಿ ಆದಷ್ಟೂ ಗಮನ ಕಿರಿದಾಗುತ್ತೆ ಅಂತ ಈಸ್ಟರ್‌ಬ್ರುಕ್ ಅನ್ನುವವರು 1959ರಲ್ಲೇ ಬರೆದರು. ಎದುರಿನವನ ಕೈಯಲ್ಲಿ ಚಾಕು ಇದ್ದರೆ ನಮಗೆ ಚಾಕು ಮಾತ್ರ ಕಾಣುತ್ತೆ, ಅವನ ಮುಖ ನೆನಪಿರಲ್ಲ.

ಈಗ 1671ಕ್ಕೆ ಬರೋಣ. ಚೆನ್ನಮ್ಮನ ಎದುರಿಗಿದ್ದದ್ದು ಚಾಕು ಅಲ್ಲ, ಒಂದು ಸೈನ್ಯ.

ಬಿಜಾಪುರದವರು ಬಂದರು

ಸುಲ್ತಾನನ ಕಡೆಯಿಂದ ಮೊದಲು ಬಂದವನು ಜನ್ನೋಪಂತ ಅನ್ನುವ ರಾಯಭಾರಿ. ಮಾತುಕತೆ ಅಂತ ನೆಪ, ಒಳಗೆ ಏನು ಬಲ ಇದೆ ಅಂತ ನೋಡೋದು ಕೆಲಸ. ಅವಳು ಹಣ ಕೊಟ್ಟು ಅವನನ್ನು ಸಾಗಹಾಕಿದಳು. ಸಮಯ ಬೇಕಾಗಿತ್ತು, ಹಣದಿಂದ ಸಮಯ ಕೊಂಡಳು. ಆದರೆ ಅವನ ಹಿಂದೆಯೇ ಸೈನ್ಯ ಬರ್ತಿದೆ ಅಂತ ಗೊತ್ತಾಯ್ತು. ಇದೇ ಹೊತ್ತಿಗೆ ಒಳಸಂಚಿನಲ್ಲಿ ಸೋಮಶೇಖರ ನಾಯಕನ ಕೊಲೆ ಆಯ್ತು.

ಒಮ್ಮೆ ಯೋಚಿಸಿ ನೋಡಿ. ಗಂಡ ಸತ್ತಿದ್ದಾನೆ. ಕೊಂದವರು ತಮ್ಮವರೇ. ಹಣ ತಿಂದ ರಾಯಭಾರಿ ಮೋಸ ಮಾಡಿದ್ದಾನೆ. ಶತ್ರು ಬಾಗಿಲಿಗೆ ಬಂದಿದ್ದಾನೆ. ಇಂಥ ದಿನ ಇಬ್ಬರು ಇಬ್ಬರೂ ಕೂಗಿ ಹೇಳುತ್ತಾರೆ. ಭಯ ಹೇಳೋದು ಶರಣಾಗು ಅಂತ. ಸಿಟ್ಟು ಹೇಳೋದು ಬಾಗಿಲು ತೆರೆದು ಈಗಲೇ ನುಗ್ಗು ಅಂತ. ಸಿನಿಮಾದಲ್ಲಿ ಆಗಿದ್ದರೆ ಎರಡನೇದು ಆಗ್ತಿತ್ತು, ಹಿಂದೆ ಮ್ಯೂಸಿಕ್ ಬರ್ತಿತ್ತು.

ಚೆನ್ನಮ್ಮ ಎರಡನ್ನೂ ಮಾಡಲಿಲ್ಲ. ಬೊಕ್ಕಸ, ಬೆಲೆಬಾಳುವ ವಸ್ತು ಎಲ್ಲವನ್ನೂ ಕಟ್ಟಿಸಿ, ನಂಬಿಕೆಯ ಜನರ ಜೊತೆ ಭುವನಗಿರಿ ಕೋಟೆಗೆ ಹೋದಳು. ರಾಜಧಾನಿಯನ್ನು ಬಿಟ್ಟು ಹೋದಳು. ಬಿಜಾಪುರದ ಸೈನ್ಯ ಬಿದನೂರಿಗೆ ನುಗ್ಗಿದಾಗ ಸಿಕ್ಕಿದ್ದು ಖಾಲಿ ಅರಮನೆ. ಅವರು ಬಂದದ್ದೇ ಸಂಪತ್ತಿಗಾಗಿ, ಸಂಪತ್ತೇ ಅಲ್ಲಿರಲಿಲ್ಲ.

ಕವಲೇದುರ್ಗಕ್ಕೆ ಟ್ರೆಕ್ಕಿಂಗ್ ಹೋದವರಿಗೆ ಆ ಜಾಗ ಹೇಗಿದೆ ಅಂತ ಗೊತ್ತು. ಗುಡ್ಡದ ಸುತ್ತ ಒಂದರ ಮೇಲೊಂದು ಕೋಟೆಯ ಸುತ್ತುಗಳು, ಬಾಗಿಲು ದಾಟಿದರೆ ಇನ್ನೊಂದು ಬಾಗಿಲು, ಒಳಗೆ ಕೆರೆಗಳು, ನೀರಿಗೆ ತೊಂದರೆ ಇಲ್ಲ. ಸುತ್ತ ದಟ್ಟ ಕಾಡು. ಅಲ್ಲೇ ಚೆನ್ನಮ್ಮನಿಗೆ ಪಟ್ಟ ಆಯ್ತು. ಅಲ್ಲಿಂದಲೇ ಚದುರಿ ಹೋಗಿದ್ದ ಜನರನ್ನು ಒಟ್ಟು ಮಾಡಿದಳು. ತಿಮ್ಮಣ್ಣ ನಾಯಕ ಅನ್ನುವ ಹಿರಿಯ, ಮೊದಲು ಅವಳ ವಿರುದ್ಧ ನಿಂತಿದ್ದವನು, ಈಗ ವಾಪಸ್ ಬಂದ ಅಂತ ಹೇಳುತ್ತಾರೆ. ಹಳೇ ಸಿಟ್ಟು ಇಟ್ಟುಕೊಂಡು ಅವನನ್ನು ಓಡಿಸಲಿಲ್ಲ. ಸೈನ್ಯದ ಹೊಣೆ ಕೊಟ್ಟಳು. ನನ್ನ ಪ್ರಕಾರ ಇಡೀ ಕಥೆಯಲ್ಲಿ ಅತಿ ಕಷ್ಟದ ಕೆಲಸ ಇದು. ಶತ್ರುವಿನ ಮುಂದೆ ಸಿಟ್ಟು ತಡೆಯೋದು ಬೇರೆ, ಕೈಬಿಟ್ಟು ಹೋಗಿದ್ದವನು ಎದುರಿಗೆ ಬಂದು ನಿಂತಾಗ ತಡೆಯೋದು ಬೇರೆ.

ಬಿಜಾಪುರದ ಸೈನಿಕರು ಬಯಲು ಸೀಮೆಯವರು. ಮಲೆನಾಡಿನ ಕಾಡಿನ ಇಕ್ಕಟ್ಟಾದ ದಾರಿಗಳಲ್ಲಿ ದೊಡ್ಡ ಸೈನ್ಯ ಒಂದು ಗೆರೆಯಾಗಿ ಹೋಗಬೇಕು, ಆಗ ದೊಡ್ಡದಾಗಿರೋದೇ ತೊಂದರೆ. ಕೆಳದಿಯ ಜನ ಅಲ್ಲಿ ಕಾದು ಹೊಡೆದರು. ಬಿದನೂರು ಮತ್ತೆ ಕೈಗೆ ಬಂತು. ಭರಮೆ ಮಾವುತ ಮತ್ತು ಅವನ ಜೊತೆಯವರಿಗೆ ಶಿಕ್ಷೆ ಆಯ್ತು.

ತಡೆಯೋದಾ, ತಿರುಗಿಸೋದಾ?

ಸ್ವನಿಯಂತ್ರಣ ಅಂದರೆ ನಮ್ಮ ತಲೆಯಲ್ಲಿರುವ ಚಿತ್ರ ಹಲ್ಲು ಕಚ್ಚಿ ಭಾವನೆಯನ್ನು ಒಳಗೆ ತುಂಬಿಕೊಳ್ಳೋದು. ಜೇಮ್ಸ್ ಗ್ರಾಸ್ ಅನ್ನುವ ಮನೋವಿಜ್ಞಾನಿ 1998ರಲ್ಲಿ ಇದನ್ನು ಪರೀಕ್ಷೆ ಮಾಡಿದರು. ಅಸಹ್ಯ ಹುಟ್ಟಿಸುವ ಒಂದು ಸಿನಿಮಾ ತುಣುಕು ತೋರಿಸಿ, ಕೆಲವರಿಗೆ ಮುಖದಲ್ಲಿ ಏನೂ ತೋರಿಸಬೇಡಿ ಅಂದರು. ಇನ್ನು ಕೆಲವರಿಗೆ, ಇದನ್ನು ಒಬ್ಬ ವೈದ್ಯ ನೋಡುವ ಹಾಗೆ ದೂರ ನಿಂತು ನೋಡಿ ಅನ್ನುವ ರೀತಿ ಹೇಳಿದರು. ಮೊದಲನೆಯವರ ಮುಖ ಶಾಂತವಾಗಿತ್ತು, ಆದರೆ ಒಳಗೆ ಅಸಹ್ಯ ಕಡಿಮೆ ಆಗಲಿಲ್ಲ, ದೇಹದ ಪ್ರತಿಕ್ರಿಯೆ ಇನ್ನೂ ಹೆಚ್ಚಾಯ್ತು. ಎರಡನೆಯವರಿಗೆ ಅಸಹ್ಯವೇ ಕಡಿಮೆ ಆಯ್ತು. ಹೀಗೆ ವಿಷಯದ ಅರ್ಥವನ್ನೇ ಬದಲಿಸಿ ನೋಡುವಾಗ ಪ್ರಿಫ್ರಂಟಲ್ ಕಾರ್ಟೆಕ್ಸ್ ಹೆಚ್ಚು ಕೆಲಸ ಮಾಡುತ್ತೆ, ಅಮಿಗ್ಡಲಾದ ಸದ್ದು ಇಳಿಯುತ್ತೆ ಅಂತ ಆಮೇಲೆ ಸ್ಕ್ಯಾನ್ ಅಧ್ಯಯನಗಳು ತೋರಿಸಿದವು.

ಕಂಟ್ರೋಲ್ ಸಿಸ್ಟಮ್ಸ್ ಭಾಷೆಯಲ್ಲಿ ಹೇಳೋದಾದರೆ, ಔಟ್‌ಪುಟ್‌ಗೆ ಮುಚ್ಚಳ ಹಾಕೋದು ಒಂದು, ಇನ್‌ಪುಟ್ ಅನ್ನು ಓದುವ ರೀತಿಯನ್ನೇ ಬದಲಿಸೋದು ಇನ್ನೊಂದು.

ರಾಜಧಾನಿ ಬಿಟ್ಟು ಹೋಗೋದನ್ನು ಓಟ ಅಂತ ಓದಿದರೆ ಅದು ಅವಮಾನ. ಅವಮಾನ ಅನ್ಸಿದರೆ ಅಲ್ಲೇ ನಿಂತು ಸಾಯಬೇಕು. ಚೆನ್ನಮ್ಮ ಅದನ್ನು ಬೇರೆ ಥರ ಓದಿದಳು. ರಾಜ್ಯ ಅಂದರೆ ಅರಮನೆ ಅಲ್ಲ, ಬೊಕ್ಕಸ ಮತ್ತು ಜನ. ಅವೆರಡು ಉಳಿದರೆ ಅರಮನೆ ನಾಳೆ ವಾಪಸ್ ಬರುತ್ತೆ. ಭಯದಿಂದ ಕಿರಿದಾದ ಕಣ್ಣಿಗೆ ಅರಮನೆ ಮಾತ್ರ ಕಾಣ್ತಿತ್ತು. ಅವಳಿಗೆ ಕವಲೇದುರ್ಗವೂ ಕಂಡಿತು, ಕಾಡಿನ ದಾರಿಯೂ ಕಂಡಿತು.

ಭಾವನೆ ಇಲ್ಲದಿದ್ದರೆ ಒಳ್ಳೇದಾ?

ಹಾಗಾದರೆ ಚೆನ್ನಮ್ಮ ಕಲ್ಲಿನಂಥ ಮನಸ್ಸಿನವಳಾ? ಭಾವನೆಯೇ ಇಲ್ಲದಿದ್ದರೆ ನಿರ್ಧಾರ ಸುಲಭ ಆಗುತ್ತಾ? ಇದಕ್ಕೆ ಉತ್ತರ ಕೊಟ್ಟಿದ್ದು ನಮ್ಮಂಥದೇ ಕೆಲಸದ ಒಬ್ಬ ಮನುಷ್ಯನ ಅಪಘಾತ. ಫಿನಿಯಸ್ ಗೇಜ್ ಅಮೆರಿಕದಲ್ಲಿ ರೈಲು ಹಳಿಗಾಗಿ ಬಂಡೆ ಸಿಡಿಸುವ ತಂಡದ ಮೇಸ್ತ್ರಿ. 1848ರ ಸೆಪ್ಟೆಂಬರ್ 13ರಂದು ಮದ್ದು ಸಿಡಿದು, ಒಂದು ಮೀಟರ್‌ಗಿಂತ ಉದ್ದದ, ಸುಮಾರು 6 ಕಿಲೋ ತೂಕದ ಕಬ್ಬಿಣದ ಸಲಾಕೆ ಎಡ ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಂತು. ಅವನು ಬದುಕಿದ. ಮಾತು, ನೆನಪು, ನಡಿಗೆ ಎಲ್ಲ ಇತ್ತು. ಆದರೆ ಶಿಸ್ತಿನ ಮನುಷ್ಯ ಹಠಮಾರಿ, ಒರಟು ಆದ, ಮಾಡಿದ ಯೋಜನೆಯನ್ನು ಮುಗಿಸಲಾರದವನಾದ ಅಂತ ಅವನ ವೈದ್ಯರು ಬರೆದಿಟ್ಟರು. ಪೆಟ್ಟು ಬಿದ್ದಿದ್ದು ಹಣೆಯ ಹಿಂದಿನ ಭಾಗಕ್ಕೆ. ಆಮೇಲೆ ಅವನು ಚಿಲಿ ದೇಶದಲ್ಲಿ ವರ್ಷಗಟ್ಟಲೆ ಕುದುರೆ ಗಾಡಿ ಓಡಿಸಿದ ಅನ್ನೋದೂ ಗೊತ್ತಾಗಿದೆ. ಅಂದರೆ ದಿನಚರಿ ಇದ್ದರೆ ಹೋದ ಹಿಡಿತ ಸ್ವಲ್ಪ ವಾಪಸ್ ಬರಬಹುದು.

20ನೇ ಶತಮಾನದ ಕೊನೆಗೆ ಆಂಟೋನಿಯೋ ಡಮಾಸಿಯೋ ಅನ್ನುವ ನರವಿಜ್ಞಾನಿ ಅದೇ ಭಾಗಕ್ಕೆ ಹಾನಿಯಾದ ರೋಗಿಗಳನ್ನು ನೋಡಿದರು. ಬುದ್ಧಿವಂತಿಕೆಯ ಪರೀಕ್ಷೆಯಲ್ಲಿ ಇವರು ಚೆನ್ನಾಗೇ ಮಾಡ್ತಿದ್ದರು. ಆದರೆ ಯಾವುದಕ್ಕೂ ಮನಸ್ಸು ಮಿಡಿಯುತ್ತಿರಲಿಲ್ಲ. ಜೀವನದಲ್ಲಿ ಒಂದು ಸರಿಯಾದ ನಿರ್ಧಾರ ಮಾಡೋಕೂ ಆಗ್ತಿರಲಿಲ್ಲ. ಯಾವುದು ಮುಖ್ಯ, ಯಾವುದು ಅಲ್ಲ ಅಂತ ಮೆದುಳಿಗೆ ಹೇಳೋದು ಭಾವನೆಯೇ. ಅದನ್ನು ಕಿತ್ತು ಹಾಕಿದರೆ ಉಳಿಯೋದು ತರ್ಕ ಅಲ್ಲ, ಗೊಂದಲ.

ಇದು ಗೊತ್ತಾದ ಮೇಲೆ 1689ನೇ ಇಸವಿಯ ಕಥೆ ಬೇರೆ ಥರ ಕಾಣುತ್ತೆ.

ಹತ್ತೊಂಬತ್ತು ವರ್ಷದ ಅತಿಥಿ

ಆ ವರ್ಷದ ಮಾರ್ಚ್‌ನಲ್ಲಿ ಔರಂಗಜೇಬ ಶಿವಾಜಿಯ ಹಿರಿಯ ಮಗ ಸಂಭಾಜಿಯನ್ನು ಚಿತ್ರಹಿಂಸೆ ಕೊಟ್ಟು ಕೊಲ್ಲಿಸಿದ್ದ. ಮರಾಠರ ಕೋಟೆಗಳು ಒಂದೊಂದಾಗಿ ಬೀಳ್ತಿದ್ದವು. ಬಿಜಾಪುರ 1686ರಲ್ಲೇ, ಗೋಲ್ಕೊಂಡ 1687ರಲ್ಲಿ ಮೊಘಲರ ಪಾಲಾಗಿದ್ದವು. ದಕ್ಷಿಣದಲ್ಲಿ ಔರಂಗಜೇಬನಿಗೆ ಬೇಡ ಅಂತ ಹೇಳುವ ಧೈರ್ಯ ಯಾರಿಗೂ ಉಳಿದಿರಲಿಲ್ಲ. ಆಗ ಶಿವಾಜಿಯ ಕಿರಿಯ ಮಗ ರಾಜಾರಾಮ ವೇಷ ಮರೆಸಿಕೊಂಡು, ತಮಿಳುನಾಡಿನ ಜಿಂಜಿ ಕೋಟೆಗೆ ಹೋಗಲು ದಾರಿ ಹುಡುಕುತ್ತಾ ಬಿದನೂರಿಗೆ ಬಂದ. ಅವನು ಹುಟ್ಟಿದ್ದು 1670ರಲ್ಲಿ. ಅಂದರೆ ಆಗ ಅವನಿಗೆ 19. ನಮ್ಮ ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿರುವ ಹುಡುಗನ ವಯಸ್ಸು. ಅಣ್ಣ ಸತ್ತಿದ್ದಾನೆ, ಹಿಂದೆ ಭಾರತದ ಅತಿ ದೊಡ್ಡ ಸೈನ್ಯ ಬೆನ್ನಟ್ಟಿದೆ.

ಮಂತ್ರಿಗಳು ಹೆದರಿದರು. ಹೆದರಿದ್ದು ತಪ್ಪೂ ಅಲ್ಲ. ಇವನಿಗೆ ಜಾಗ ಕೊಟ್ಟರೆ ಯುದ್ಧ ಖಂಡಿತ. ಲೆಕ್ಕ ಮಾತ್ರ ನೋಡಿದರೆ ಅವನನ್ನು ಹಿಡಿದುಕೊಡೋದೇ ಲಾಭ. ಚೆನ್ನಮ್ಮನೂ ಲೆಕ್ಕ ಗೊತ್ತಿಲ್ಲದವಳಲ್ಲ, ವ್ಯಾಪಾರಿಯ ಮಗಳು. ಆದರೂ ಆಶ್ರಯ ಕೇಳಿ ಬಂದವನನ್ನು ಕೊಡೋದಿಲ್ಲ ಅಂತ ತೀರ್ಮಾನ ಮಾಡಿದಳು.

ಇಲ್ಲಿ ಗಮನಿಸಬೇಕಾದದ್ದು ಅವಳು ಅದನ್ನು ಹೇಗೆ ಮಾಡಿದಳು ಅನ್ನೋದು. ಕರುಣೆಯಿಂದ ನಿರ್ಧಾರ ಮಾಡಿದಳು, ಆದರೆ ಕರುಣೆಯ ಭರದಲ್ಲಿ ಅವನನ್ನು ಅರಮನೆಯಲ್ಲೇ ಇಟ್ಟುಕೊಂಡು ಸವಾಲು ಹಾಕಲಿಲ್ಲ. ಬೇಗ ಬೇಗ ತನ್ನ ರಾಜ್ಯ ದಾಟಿಸಿ ಮುಂದೆ ಕಳಿಸಿದಳು. ಔರಂಗಜೇಬನ ಕಡೆಯಿಂದ ಅವನನ್ನು ಒಪ್ಪಿಸು ಅನ್ನುವ ಬೇಡಿಕೆ ಬಂದಾಗ, ಅವನು ನಮ್ಮಲ್ಲಿಲ್ಲ ಎಂದು ಉತ್ತರ ಹೋಯ್ತು. ಆ ಹೊತ್ತಿಗೆ ಅದು ನಿಜವೂ ಆಗಿತ್ತು. ಎಲ್ಲಿಗೆ ಹೋಗಬೇಕು ಅಂತ ಹೇಳಿದ್ದು ಮನಸ್ಸು, ಯಾವ ದಾರಿ ಅಂತ ಹೇಳಿದ್ದು ಬುದ್ಧಿ. ರಾಜಾರಾಮ 1689ರ ನವೆಂಬರ್‌ನಲ್ಲಿ ಜಿಂಜಿ ತಲುಪಿದ. ಮರಾಠಾ ರಾಜ್ಯ ಅಲ್ಲಿಂದ ಮತ್ತೆ ಉಸಿರಾಡಿತು.

ಯುದ್ಧ ಬಂದೇ ಬಂತು. ಜಾನ್ ನಿಸಾರ್ ಖಾನ್ ಅನ್ನುವ ಸೇನಾಪತಿಯ ಜೊತೆ ಮೊಘಲ್ ಸೈನ್ಯ ಕೆಳದಿಯ ಮೇಲೆ ಬಂತು. ಮಲೆನಾಡಿನ ಮಳೆ ಮತ್ತು ಕಾಡು ಮತ್ತೆ ರಾಣಿಯ ಕಡೆ ನಿಂತವು. ಆಗುಂಬೆಯ ಮಳೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊನೆ ಹೇಗಾಯ್ತು ಅನ್ನೋದಕ್ಕೆ ಎರಡು ಮಾತಿದೆ. ಲಿಂಗಣ್ಣ ಕವಿಯ ಕೆಳದಿನೃಪವಿಜಯದ ಪ್ರಕಾರ ಕೆಳದಿಯವರು ಮೊಘಲರನ್ನು ಸೋಲಿಸಿದರು. ಮೊಘಲರ ಕಡೆಯ ಬರಹಗಾರರ ಪ್ರಕಾರ ರಾಣಿ ದಂಡ ಕಟ್ಟಿ ಸಂಧಿ ಮಾಡಿಕೊಂಡಳು. ಎರಡರಲ್ಲೂ ಒಂದು ಮಾತು ಮಾತ್ರ ಸಮಾನ. ಕೆಳದಿ ರಾಜ್ಯ ಉಳಿಯಿತು. ಬಿಜಾಪುರ, ಗೋಲ್ಕೊಂಡದಂಥ ದೊಡ್ಡ ಸುಲ್ತಾನರು ಉಳಿಸಿಕೊಳ್ಳಲಾಗದ್ದನ್ನು ಇವಳು ಉಳಿಸಿಕೊಂಡಳು.

ಒಂದು ದಿನದ ಗುಣ ಅಲ್ಲ

1671ರ ಚೆನ್ನಮ್ಮ ಮತ್ತು 1689ರ ಚೆನ್ನಮ್ಮನ ನಡುವೆ 18 ವರ್ಷ ಇದೆ. ಆ ವರ್ಷಗಳಲ್ಲಿ ಅವಳು ಪೋರ್ಚುಗೀಸರ ಜೊತೆ ವ್ಯಾಪಾರದ ಒಪ್ಪಂದ ಮಾಡಿದಳು, ಮೈಸೂರಿನ ಚಿಕ್ಕದೇವರಾಜ ಒಡೆಯರ ಸೈನ್ಯದ ಜೊತೆ ಹೋರಾಡಿದಳು, ಸಂಧಿಯನ್ನೂ ಮಾಡಿದಳು. ಬಸಪ್ಪ ಅನ್ನುವ ಹುಡುಗನನ್ನು ದತ್ತು ತೆಗೆದುಕೊಂಡು ಸಾಕಿದಳು. ಚನ್ನಗಿರಿಗೆ ಆ ಹೆಸರು ಬಂದಿದ್ದು ಇವಳಿಂದಲೇ ಅಂತ ಹೇಳುತ್ತಾರೆ. ಪ್ರತಿದಿನ ದೂರು ಕೇಳೋದು, ಲೆಕ್ಕ ನೋಡೋದು, ಸಿಟ್ಟು ಬರಿಸುವ ಜನರ ಜೊತೆ ಮಾತಾಡೋದು. ಹಿಡಿತ ಅನ್ನೋದು ಅಲ್ಲಿ ಬೆಳೆದದ್ದು, ಯುದ್ಧದ ದಿನ ಆಕಾಶದಿಂದ ಬಿದ್ದಿದ್ದಲ್ಲ.

ಮೆದುಳಿಗೂ ಇದೇ ಅನ್ವಯಿಸುತ್ತೆ. ಪ್ರಿಫ್ರಂಟಲ್ ಕಾರ್ಟೆಕ್ಸ್ ಪೂರ್ತಿ ಬಲಿಯೋದು ಇಪ್ಪತ್ತೈದರ ಆಸುಪಾಸಿಗೆ. ಅಂದರೆ ಈ ಪತ್ರಿಕೆ ಓದ್ತಿರುವ ಹೆಚ್ಚಿನವರ ಬ್ರೇಕ್ ಇನ್ನೂ ಫಿಟ್ಟಿಂಗ್ ಹಂತದಲ್ಲೇ ಇದೆ. ಇದನ್ನು ನೆಪ ಮಾಡಿಕೊಳ್ಳಬಹುದು, ಅವಕಾಶ ಅಂತಲೂ ನೋಡಬಹುದು. ಬೆಳೆಯುತ್ತಿರುವ ಭಾಗಕ್ಕೆ ಯಾವ ಅಭ್ಯಾಸ ಕೊಡ್ತೀವೋ ಅದೇ ಉಳಿಯುತ್ತೆ. ರಿಸಲ್ಟ್ ಬಂದ ರಾತ್ರಿ, ಗ್ರೂಪ್‌ನಲ್ಲಿ ಯಾರೋ ಚುಚ್ಚಿ ಮೆಸೇಜ್ ಹಾಕಿದಾಗ, ಪ್ಲೇಸ್‌ಮೆಂಟ್ ಲಿಸ್ಟ್‌ನಲ್ಲಿ ಹೆಸರು ಇಲ್ಲದಿದ್ದಾಗ ಗುಡ್ಡ ನಿಜಕ್ಕಿಂತ ಕಡಿದಾಗಿ ಕಾಣುತ್ತೆ. ಆಗ ಎಲ್ಲ ಮುಗಿದು ಹೋಯ್ತು ಅಂತ ಅನ್ಸೋದು ಜಗತ್ತಿನ ಸುದ್ದಿ ಅಲ್ಲ, ಆ ಹೊತ್ತಿನ ಮೆದುಳಿನ ಸುದ್ದಿ. ದೊಡ್ಡ ನಿರ್ಧಾರವನ್ನು ಆ ರಾತ್ರಿ ಮಾಡಬೇಡಿ. ಚೆನ್ನಮ್ಮ ಜನ್ನೋಪಂತನಿಗೆ ಹಣ ಕೊಟ್ಟು ಕೊಂಡಿದ್ದು ಸಮಯವನ್ನ. ನಮಗೆ ಅದು ಬಹಳ ಸಲ ಪುಕ್ಕಟೆ ಸಿಗುತ್ತೆ, ಒಂದು ರಾತ್ರಿ ನಿದ್ದೆ ಮಾಡಿದರೆ ಸಾಕು. ಒಬ್ಬರೇ ಹೊರಲಾರದಷ್ಟು ಭಾರ ಅನ್ಸಿದರೆ ಗೆಳೆಯರಿಗೆ, ಮನೆಯವರಿಗೆ, ಕಾಲೇಜಿನ ಕೌನ್ಸೆಲರ್‌ಗೆ ಹೇಳಿ. ಅವಳೂ ಕವಲೇದುರ್ಗಕ್ಕೆ ಒಬ್ಬಳೇ ಹೋಗಲಿಲ್ಲ.

ಚೆನ್ನಮ್ಮ 1696ರ ಹೊತ್ತಿಗೆ ತೀರಿಕೊಂಡಳು. ಸಮಾಧಿ ಬಿದನೂರಿನ ಕೊಪ್ಪಲು ಮಠದಲ್ಲಿದೆ. ದತ್ತುಮಗ ಬಸಪ್ಪ ನಾಯಕ ಪಟ್ಟಕ್ಕೆ ಬಂದ. ಅಧಿಕಾರಕ್ಕಾಗಿ ಯಾರೂ ಯಾರನ್ನೂ ಕೊಲ್ಲಬೇಕಾಗಿ ಬರಲಿಲ್ಲ. ಆ ಹುಡುಗ ಮುಂದೆ 1709ರಲ್ಲಿ ಶಿವತತ್ತ್ವ ರತ್ನಾಕರ ಅನ್ನುವ ದೊಡ್ಡ ಸಂಸ್ಕೃತ ಗ್ರಂಥ ಬರೆದ. ರಾಜನೀತಿ, ವೈದ್ಯ, ಸಂಗೀತ, ಅಡುಗೆ ಎಲ್ಲ ಇರುವ ವಿಶ್ವಕೋಶ ಅದು. ಯುದ್ಧದ ನಡುವೆ ಬೆಳೆದ ಹುಡುಗನಿಗೆ ಕೂತು ವಿಶ್ವಕೋಶ ಬರೆಯುವಷ್ಟು ಸಮಾಧಾನ ಎಲ್ಲಿಂದ ಬಂತು ಅನ್ನೋದನ್ನು ಊಹಿಸೋದು ಕಷ್ಟ ಅಲ್ಲ. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದು ಹೈದರ್‌ನಗರ ಅಂತ ಹೆಸರಿಟ್ಟ. ಹೈದರ್ ಹೋಗಿ ಈಗ ನಗರ ಮಾತ್ರ ಉಳಿದಿದೆ.

ಮುಂದಿನ ರಜೆಯಲ್ಲಿ ಮಲೆನಾಡಿಗೆ ಟ್ರಿಪ್ ಹಾಕಿದರೆ ಕವಲೇದುರ್ಗ ಹತ್ತಿ ಫೋಟೋ ತೆಗೆದು ವಾಪಸ್ ಬರಬೇಡಿ, ಸಾಗರದ ಹತ್ತಿರದ ಕೆಳದಿಗೂ ಹೋಗಿ. ಅಲ್ಲಿ ದೇವಸ್ಥಾನದ ಮುಂದಿನ ಕಲ್ಲಿನ ಧ್ವಜಸ್ತಂಭದಲ್ಲಿ ಒಂದು ಚಿಕ್ಕ ಕೆತ್ತನೆ ಇದೆ. ಚೆನ್ನಮ್ಮ ರಾಜಾರಾಮನನ್ನು ಬರಮಾಡಿಕೊಳ್ಳುವ ದೃಶ್ಯ ಅಂತ ಊರಿನವರು ತೋರಿಸುತ್ತಾರೆ. ಗೆದ್ದ ಯುದ್ಧಗಳು ಇಷ್ಟು ಇರುವಾಗ ಜನ ನೆನಪಿಟ್ಟುಕೊಂಡಿದ್ದು ಇದನ್ನ.